ಎಷ್ಟು ಡಿಗ್ರಿಯಲ್ಲಿ? ಸಾಂದ್ರತೆಯ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳನ್ನೆಲ್ಲ ಮುಂದಿಟ್ಟುಕೊಂಡು ಕೂತಾಗ ಒಂದು ವಿಷಯ ಗಮನಕ್ಕೆ ಬಂತು. ಒಬ್ಬರು ಬ್ಯಾಟರಿ ಬಗ್ಗೆ ಕೇಳಿದ್ದಾರೆ, ಇನ್ನೊಬ್ಬರು ಬಲೂನ್ ಬಗ್ಗೆ, ಮತ್ತೊಬ್ಬರಿಗೆ ಹೆಪ್ಪುಗಟ್ಟಿದ ಸರೋವರದ ಮೀನಿನ ಚಿಂತೆ. ಆದರೆ ಎಲ್ಲರ ಪ್ರಶ್ನೆಯ ಬೇರು ಒಂದೇ: ಬಿಸಿ ಏರಿದಾಗ, ಇಳಿದಾಗ ವಸ್ತುವಿನ ಸಾಂದ್ರತೆಗೆ ಏನಾಗುತ್ತದೆ? ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನಾನು ಒಂಬತ್ತನೇ ತರಗತಿ ವಿದ್ಯಾರ್ಥಿನಿ. ನೀರಿನ ಸಾಂದ್ರತೆ 1 ಎಂದು ಪುಸ್ತಕದಲ್ಲಿದೆ. ನಾವು ಪ್ರಯೋಗಾಲಯದಲ್ಲಿ 1 ಲೀಟರ್ ನೀರು ತೂಗಿದಾಗ ಪ್ರತಿ ಸಲವೂ 995 ಗ್ರಾಂ ಹತ್ತಿರ ಬಂತು. ತಪ್ಪು ಅಳತೆ ಎಂದು ಅಂಕ ಕಳೆದರು. ನಾವು ಎಲ್ಲಿ ತಪ್ಪಿದೆವು?

ಉತ್ತರ: ಆ ದಿನ ನೀರು ಎಷ್ಟು ಡಿಗ್ರಿ ಇತ್ತು ಎಂದು ಬರೆದಿಟ್ಟುಕೊಂಡಿದ್ದೀರಾ? ಸುಮಾರು 30 ಡಿಗ್ರಿ ಸೆಲ್ಸಿಯಸ್ ಇದ್ದಿದ್ದರೆ ನೀವು ತಪ್ಪೇ ಮಾಡಿಲ್ಲ. 30 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರು 995.65 ಗ್ರಾಂ ಇರುತ್ತದೆ. ನಿಮಗೆ ಬಂದ ಉತ್ತರ ಪುಸ್ತಕದ ಉತ್ತರಕ್ಕಿಂತ ಚೆನ್ನಾಗಿದೆ.

ಸಾಂದ್ರತೆ ಎಂದರೆ ಇಷ್ಟೇ: ಇಷ್ಟು ಜಾಗದಲ್ಲಿ ಎಷ್ಟು ಸರಕು ತುಂಬಿದೆ ಅನ್ನೋದು. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಬರುವ ಸಂಖ್ಯೆ. ಬಿಸಿ ಮಾಡಿದಾಗ ಸರಕು ಅಷ್ಟೇ ಇರುತ್ತದೆ, ಅದು ಹಿಡಿಯುವ ಜಾಗ ಹಿಗ್ಗುತ್ತದೆ. ಮೇಲಿನ ಸಂಖ್ಯೆ ಬದಲಾಗದೆ ಕೆಳಗಿನ ಸಂಖ್ಯೆ ದೊಡ್ಡದಾದರೆ ಭಾಗಲಬ್ಧ ಸಣ್ಣದಾಗಲೇಬೇಕು. ನೀರನ್ನೇ ನೋಡಿ. 4 ಡಿಗ್ರಿಯಲ್ಲಿ ಲೀಟರ್‌ಗೆ 999.97 ಗ್ರಾಂ, 20ರಲ್ಲಿ 998.2, 50ರಲ್ಲಿ 988, ಕುದಿಯುವ 100ರಲ್ಲಿ 958.4. ಅಂದರೆ ಕುದಿಯುವ ನೀರಿನ ಒಂದು ಲೀಟರ್, ತಣ್ಣೀರಿನ ಒಂದು ಲೀಟರ್‌ಗಿಂತ ನಲವತ್ತು ಗ್ರಾಂ ಹಗುರ. ಇದೇನು ಸಣ್ಣ ವ್ಯತ್ಯಾಸ ಅಲ್ಲ.

ಪುಸ್ತಕದ '1' ಎಲ್ಲಿಂದ ಬಂತು ಅನ್ನೋದಕ್ಕೂ ಒಂದು ಕತೆ ಇದೆ. 1795ರಲ್ಲಿ ಫ್ರಾನ್ಸ್‌ನಲ್ಲಿ ಗ್ರಾಂ ಎಂಬ ಅಳತೆಯನ್ನು ಗೊತ್ತು ಮಾಡಿದಾಗ, ಮಂಜು ಕರಗುವ ತಾಪಮಾನದಲ್ಲಿರುವ ಒಂದು ಘನ ಸೆಂಟಿಮೀಟರ್ ನೀರಿನ ತೂಕ ಎಂದು ಬರೆದರು. ಮಾದರಿ ಕಿಲೋಗ್ರಾಂ ಮಾಡುವ ಕೆಲಸಕ್ಕೆ ಇಳಿದವರು 1799ರ ಹೊತ್ತಿಗೆ ಅದನ್ನು ಬದಲಾಯಿಸಿ, ನೀರು ಅತಿ ಹೆಚ್ಚು ಸಾಂದ್ರವಾಗಿರುವ 4 ಡಿಗ್ರಿಯನ್ನು ಹಿಡಿದರು. ನೋಡಿ, ಗ್ರಾಂ ಹುಟ್ಟಿದ ದಿನದಿಂದಲೇ ಅದರ ಜೊತೆ ತಾಪಮಾನ ಅಂಟಿಕೊಂಡಿತ್ತು, ಆದರೆ ಪಠ್ಯಪುಸ್ತಕಕ್ಕೆ ಬರುವಷ್ಟರಲ್ಲಿ ತಾಪಮಾನ ಕಳಚಿ ಬಿದ್ದು ಬರೀ '1' ಉಳಿಯಿತು. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಯಾವ ತಾಪಮಾನದಲ್ಲಿ ಎಂದು ಹೇಳದ ಸಾಂದ್ರತೆ ಅರ್ಧ ಸಂಖ್ಯೆ. ನಿಮ್ಮ ದಾಖಲೆ ಪುಸ್ತಕದಲ್ಲಿ 995ರ ಪಕ್ಕ ಆ ದಿನದ ತಾಪಮಾನ ಬರೆದು ಮತ್ತೆ ತೋರಿಸಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಬಿಸಿಯಾದಾಗ ಪರಮಾಣುಗಳೇ ಊದಿಕೊಳ್ಳುತ್ತವೆಯೇ? ಇಲ್ಲದಿದ್ದರೆ ಗಟ್ಟಿ ಕಬ್ಬಿಣ ಹಿಗ್ಗುವುದು ಹೇಗೆ?

ಉತ್ತರ: ಪರಮಾಣು ಊದಿಕೊಳ್ಳುವುದಿಲ್ಲ. ಅವುಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ. ಆದರೆ ಇಷ್ಟು ಹೇಳಿ ಬಿಟ್ಟರೆ ಅರ್ಧ ಉತ್ತರ ಆಗುತ್ತದೆ, ಯಾಕೆಂದರೆ 'ಬಿಸಿಯಾದಾಗ ಪರಮಾಣುಗಳು ಜೋರಾಗಿ ನಡುಗುತ್ತವೆ, ಅದಕ್ಕೇ ಹಿಗ್ಗುತ್ತದೆ' ಎಂಬ ಮಾತಿನಲ್ಲಿ ಒಂದು ಕೊಂಡಿ ತಪ್ಪಿಹೋಗಿದೆ. ಉಯ್ಯಾಲೆ ಜೋರಾಗಿ ತೂಗಿದರೂ ನಡುವಿನ ಜಾಗ ಬದಲಾಗುವುದಿಲ್ಲ ಅಲ್ವಾ? ಆ ಕಡೆ ಎಷ್ಟು ಹೋಯಿತೋ ಈ ಕಡೆಗೂ ಅಷ್ಟೇ ಬರುತ್ತದೆ. ಪರಮಾಣುಗಳೂ ಹಾಗೇ ಸರಿಸಮವಾಗಿ ನಡುಗಿದ್ದರೆ ಎಷ್ಟು ಬಿಸಿ ಮಾಡಿದರೂ ಕಬ್ಬಿಣ ಕೂದಲೆಳೆಯಷ್ಟೂ ಹಿಗ್ಗುತ್ತಿರಲಿಲ್ಲ.

ಗುಟ್ಟು ಇರುವುದು ಅವುಗಳನ್ನು ಹಿಡಿದಿರುವ ಬಂಧದಲ್ಲಿ. ಅಕ್ಕಪಕ್ಕದ ಎರಡು ಪರಮಾಣುಗಳನ್ನು ಇನ್ನೂ ಹತ್ತಿರಕ್ಕೆ ಒತ್ತುವುದು ಬಹಳ ಕಷ್ಟ. ದೂರ ಎಳೆಯುವುದು ಅಷ್ಟು ಕಷ್ಟ ಅಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇರುವ ಸ್ಪ್ರಿಂಗ್ ಅಂದುಕೊಳ್ಳಿ. ನಡುಕ ಜಾಸ್ತಿಯಾದಂತೆ ಅವು ಸಡಿಲ ಕಡೆಗೇ ಹೆಚ್ಚು ದೂರ ಹೋಗುತ್ತವೆ, ಬಿಗಿ ಕಡೆ ಬೇಗ ತಡೆ ಸಿಗುತ್ತದೆ. ಹೀಗಾಗಿ ಸರಾಸರಿ ಅಂತರ ಹೊರಗಡೆಗೆ ಸರಿಯುತ್ತದೆ. ಹಿಗ್ಗುವುದು ಅಂದರೆ ಇದೇ.

ಬಂಧ ಬಿಗಿಯಾಗಿದ್ದಷ್ಟೂ ಹಿಗ್ಗು ಕಡಿಮೆ. ಒಂದು ಮೀಟರ್ ಉದ್ದದ ಸರಳನ್ನು 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಉಕ್ಕು ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ತಾಮ್ರ 1.7, ಅಲ್ಯೂಮಿನಿಯಂ 2.3, ಮಾಮೂಲಿ ಗಾಜು 0.9. ಒಲೆ ಮೇಲೆ ಇಡಬಹುದಾದ ಬೋರೋಸಿಲಿಕೇಟ್ ಗಾಜು ಬರೀ 0.33. ಇದು ಉದ್ದದ ಲೆಕ್ಕ. ಸಾಂದ್ರತೆಗೆ ಬೇಕಾಗಿರುವುದು ಗಾತ್ರ, ಉದ್ದ ಅಗಲ ಎತ್ತರ ಮೂರೂ ಹಿಗ್ಗುವುದರಿಂದ ಸರಿಸುಮಾರು ಮೂರು ಪಟ್ಟು ಹಿಡಿಯಬೇಕು. ಹಾಗೆ ಹಿಡಿದರೂ ಉಕ್ಕಿನ ಸಾಂದ್ರತೆ 100 ಡಿಗ್ರಿಗೆ, ಘನ ಸೆಂಟಿಮೀಟರ್‌ಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ, 7.85ರಿಂದ 7.82ಕ್ಕೆ ಇಳಿಯುತ್ತದೆ ಅಷ್ಟೇ. ಘನವಸ್ತುಗಳಲ್ಲಿ ಸಾಂದ್ರತೆ ಬದಲಾವಣೆಯನ್ನು ನಾವು ಮರೆತೇ ಬಿಡುವುದು ಇದಕ್ಕೇ.

ಆದರೆ ಉದ್ದವನ್ನು ಮರೆಯುವ ಹಾಗಿಲ್ಲ. ಪ್ಯಾರಿಸ್‌ನ ಐಫೆಲ್ ಗೋಪುರ ಬೇಸಿಗೆಯಲ್ಲಿ 15 ಸೆಂಟಿಮೀಟರ್ ತನಕ ಎತ್ತರ ಬೆಳೆಯುತ್ತದೆ. ಸೇತುವೆಗಳಲ್ಲಿ ಅಲ್ಲಲ್ಲಿ ಸಂದು ಬಿಟ್ಟಿರುವುದೂ ಇದೇ ಕಾರಣಕ್ಕೆ. ಇನ್ನೊಂದು ಮಾತು, ಕಾಂಕ್ರೀಟ್ ಮತ್ತು ಉಕ್ಕು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಇದು ನಮ್ಮ ಅದೃಷ್ಟ. ಉಕ್ಕಿನ ಬದಲು ಅಲ್ಯೂಮಿನಿಯಂ ಸರಳು ಹಾಕಿದ್ದರೆ ಬಿಸಿಲು ನೆರಳಿನ ಪ್ರತಿ ಸುತ್ತಿನಲ್ಲೂ ಒಳಗಿನ ಸರಳು ಕಾಂಕ್ರೀಟನ್ನು ಸೀಳಲು ನೋಡುತ್ತಿತ್ತು.

ಪ್ರಶ್ನೆ: ಕೆಂಪಗೆ ಕಾಯಿಸಿದ ಕಬ್ಬಿಣದ ತೂಕ ಕಡಿಮೆಯಾಗುತ್ತದೆಯೇ?

ಉತ್ತರ: ಇಲ್ಲ. ಸಾಂದ್ರತೆ ಕಡಿಮೆ ಆಯಿತು ಅಂದರೆ ತೂಕ ಕಡಿಮೆ ಆಯಿತು ಅಂತಲ್ಲ, ಅದೇ ತೂಕ ಹೆಚ್ಚು ಜಾಗಕ್ಕೆ ಹರಡಿತು ಅಂತ. ತೀರಾ ಸೂಕ್ಷ್ಮವಾಗಿ ಹೇಳಬೇಕೆಂದರೆ ಶಕ್ತಿಗೂ ದ್ರವ್ಯರಾಶಿ ಇರುವುದರಿಂದ ಬಿಸಿ ಕಬ್ಬಿಣ ಲವಲೇಶ ಭಾರವೇ. ಒಂದು ಕಿಲೋ ಕಬ್ಬಿಣವನ್ನು 100 ಡಿಗ್ರಿ ಬಿಸಿ ಮಾಡಿದರೆ ಸೇರುವುದು ಸುಮಾರು ಅರ್ಧ ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ಇನ್ನೂರು ಕೋಟಿಯಲ್ಲಿ ಒಂದು ಪಾಲು. ಯಾವ ತಕ್ಕಡಿಗೂ ಅದು ಸಿಗುವುದಿಲ್ಲ. ಬಿಸಿ ವಸ್ತುವನ್ನು ತಕ್ಕಡಿ ಮೇಲಿಟ್ಟಾಗ ಕಾಟಾ ಕಡಿಮೆ ತೋರಿಸಿದರೆ ಅದು ಮೇಲೇಳುವ ಬಿಸಿಗಾಳಿಯ ಕೆಲಸ. ತೂಗುವ ಮುಂಚೆ ತಣ್ಣಗಾಗಲು ಬಿಡಿ.

ಪ್ರಶ್ನೆ: ತಟ್ಟೆಯ ನಡುವೆ ತೂತು ಇದೆ. ಬಿಸಿ ಮಾಡಿದರೆ ಲೋಹ ಒಳಗಡೆಗೂ ಹಿಗ್ಗಿ ತೂತು ಸಣ್ಣದಾಗಬೇಕಲ್ಲ?

ಉತ್ತರ: ತೂತು ದೊಡ್ಡದಾಗುತ್ತದೆ. ಫೋಟೋವನ್ನು ಹಿಗ್ಗಿಸಿ ಮುದ್ರಿಸಿದರೆ ಅದರಲ್ಲಿರುವ ಬಳೆಯ ಒಳಗಿನ ಖಾಲಿ ಜಾಗವೂ ಹಿಗ್ಗುತ್ತದೆ, ಇದೂ ಹಾಗೇ. ಬೇರಿಂಗನ್ನು ಬಿಸಿ ಮಾಡಿ ದಂಡಕ್ಕೆ ತೊಡಿಸುವುದು, ಮರದ ಚಕ್ರಕ್ಕೆ ಕಾದ ಕಬ್ಬಿಣದ ಬಳೆ ಏರಿಸುವುದು ಎಲ್ಲ ಇದರ ಮೇಲೇ ನಿಂತಿದೆ. ಜಾಡಿಯ ಲೋಹದ ಮುಚ್ಚಳ ಬಿಗಿಯಾದರೆ ಅದರ ಮೇಲೆ ಬಿಸಿನೀರು ಬಿಡಿ. ಗಾಜಿಗಿಂತ ಮುಚ್ಚಳ ಬೇಗ ಬಿಸಿಯಾಗುತ್ತದೆ, ಜಾಸ್ತಿ ಹಿಗ್ಗುತ್ತದೆ, ಸಡಿಲ ಆಗುತ್ತದೆ.

ಪ್ರಶ್ನೆ: ಗಾಳಿಯನ್ನು ಬಿಸಿ ಮಾಡಿದರೆ ಸಾಂದ್ರತೆ ಕಡಿಮೆಯಾಗುತ್ತದೆ ಎನ್ನುತ್ತಾರೆ. ಹಾಗಾದರೆ ಮುಚ್ಚಿದ ಸಿಲಿಂಡರ್ ಒಳಗಿನ ಗಾಳಿಯನ್ನು ಬಿಸಿ ಮಾಡಿದರೆ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಮುಚ್ಚಿದ ಸಿಲಿಂಡರ್‌ನಲ್ಲಿ ಗಾಳಿಯ ಸಾಂದ್ರತೆ ಬದಲಾಗುವುದೇ ಇಲ್ಲ! ಒಳಗಿನ ಗಾಳಿ ಅಷ್ಟೇ, ಜಾಗವೂ ಅಷ್ಟೇ. ಭಾಗಲಬ್ಧ ಬದಲಾಗಲು ಕಾರಣವೇ ಇಲ್ಲ. ಅಲ್ಲಿ ಏರುವುದು ಒತ್ತಡ. 27 ಡಿಗ್ರಿಯಲ್ಲಿರುವ ಗಾಳಿಯನ್ನು 327ಕ್ಕೆ ಏರಿಸಿದರೆ, ಕೆಲ್ವಿನ್ ಲೆಕ್ಕದಲ್ಲಿ (ಪರಮ ಶೂನ್ಯದಿಂದ, ಅಂದರೆ ಮೈನಸ್ 273 ಡಿಗ್ರಿಯಿಂದ, ಎಣಿಸುವ ಲೆಕ್ಕ) 300ರಿಂದ 600 ಆಗುತ್ತದೆ, ಒತ್ತಡ ಎರಡು ಪಟ್ಟು. 'ಬಿಸಿಯಾದರೆ ಸಾಂದ್ರತೆ ಇಳಿಯುತ್ತದೆ' ಎಂಬ ಮಾತಿಗೆ ಒಂದು ಷರತ್ತು ಇದೆ: ಹಿಗ್ಗಲು ಜಾಗ ಇರಬೇಕು.

ಜಾಗ ಇದ್ದರೆ ಅನಿಲದಷ್ಟು ಧಾರಾಳವಾಗಿ ಹಿಗ್ಗುವುದು ಬೇರೆ ಯಾವುದೂ ಇಲ್ಲ. ಒತ್ತಡ ಅಷ್ಟೇ ಇದ್ದಾಗ, 0 ಡಿಗ್ರಿಯಲ್ಲಿದ್ದ ಗಾತ್ರದ 273ರಲ್ಲಿ ಒಂದು ಪಾಲು ಪ್ರತಿ ಡಿಗ್ರಿಗೂ ಸೇರುತ್ತಾ ಹೋಗುತ್ತದೆ. ಇದನ್ನು ಮೊದಲು ಗಮನಿಸಿದವರು ಫ್ರಾನ್ಸಿನ ಜಾಕ್ ಚಾರ್ಲ್ಸ್, 1787ರ ಸುಮಾರಿಗೆ. ಅವರು ಪ್ರಕಟಿಸಲಿಲ್ಲ, 1802ರಲ್ಲಿ ಗೇ-ಲುಸಾಕ್ ಪ್ರಕಟಿಸಿ ಹಳೆಯ ಶ್ರೇಯವನ್ನು ಚಾರ್ಲ್ಸ್‌ಗೇ ಕೊಟ್ಟರು. 0 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 1.293 ಕಿಲೋ ತೂಗುತ್ತದೆ, 20ರಲ್ಲಿ 1.204, 100ರಲ್ಲಿ 0.946. ಗಾಳಿಗೆ ತೂಕವೇ ಇಲ್ಲ ಎಂದು ನಮಗೆ ಅನಿಸುತ್ತದೆ, ಆದರೆ ಒಂದು ಸಾಧಾರಣ ಕೋಣೆಯಲ್ಲಿ ಮೂವತ್ತು ನಲವತ್ತು ಕಿಲೋ ಗಾಳಿ ಇರುತ್ತದೆ.

ಬಿಸಿಗಾಳಿ ಬಲೂನಿನ ಲೆಕ್ಕ ನೀವೇ ಹಾಕಬಹುದು. ಹೊರಗೆ 20 ಡಿಗ್ರಿ, ಒಳಗೆ 100 ಡಿಗ್ರಿ. ಪ್ರತಿ ಘನ ಮೀಟರಿಗೆ ಸುಮಾರು ಕಾಲು ಕಿಲೋ ವ್ಯತ್ಯಾಸ. ಬಲೂನು 2500 ಘನ ಮೀಟರ್ ಇದ್ದರೆ 600 ಕಿಲೋಗೂ ಮೇಲೆ ಎತ್ತುವ ಬಲ. ಬಟ್ಟೆ, ಬುಟ್ಟಿ, ಬರ್ನರ್, ನಾಲ್ಕೈದು ಜನ, ಎಲ್ಲಾ ಸೇರಿ ಇಷ್ಟರೊಳಗೇ ಮುಗಿಯಬೇಕು. ಮಾಂಟ್‌ಗೋಲ್ಫಿಯೇ ಸಹೋದರರು ಮಾಡಿದ ಬಲೂನಿನಲ್ಲಿ 1783ರ ನವೆಂಬರ್ 21ರಂದು ಪ್ಯಾರಿಸ್‌ನಲ್ಲಿ ಮನುಷ್ಯರು ಮೊದಲ ಸಲ ಹಗ್ಗ ಕಟ್ಟದೆ ಹಾರಿದ್ದು ಇದೇ ಕಾಲು ಕಿಲೋ ವ್ಯತ್ಯಾಸದ ಮೇಲೆ. ವಿಮಾನಕ್ಕೆ ಇದು ಉಲ್ಟಾ ಹೊಡೆಯುತ್ತದೆ. ಹೊರಗೆ 40 ಡಿಗ್ರಿ ಇದ್ದ ದಿನ ಗಾಳಿ, 15 ಡಿಗ್ರಿಯ ಗಾಳಿಗಿಂತ ಶೇಕಡಾ 8ರಷ್ಟು ತೆಳು. ರೆಕ್ಕೆಗೆ ಸಿಗುವ ಬಲವೂ ಕಡಿಮೆ, ಎಂಜಿನ್‌ಗೆ ಸಿಗುವ ಗಾಳಿಯೂ ಕಡಿಮೆ. ರನ್‌ವೇ ಉದ್ದ ಸಾಲದಿದ್ದರೆ ಭಾರ ಇಳಿಸಲೇಬೇಕು.

'ಬಿಸಿಗಾಳಿ ಮೇಲೇಳುತ್ತದೆ' ಎಂದು ಸುಮ್ನೆ ಹೇಳುತ್ತೇವೆ. ಅದು ತಾನಾಗಿ ಏಳುವುದಿಲ್ಲ. ಪಕ್ಕದ ತಣ್ಣನೆಯ, ಭಾರದ ಗಾಳಿ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಭಾರವೇ ಗೊತ್ತಾಗದ ಬಾಹ್ಯಾಕಾಶ ನಿಲ್ದಾಣದಲ್ಲಿ ಮೇಣದಬತ್ತಿ ಹಚ್ಚಿದರೆ ಜ್ವಾಲೆ ಮೇಲಕ್ಕೆ ಚಾಚುವುದಿಲ್ಲ, ಗುಂಡಗೆ ನಿಲ್ಲುತ್ತದೆ. ಹಗುರ ಭಾರ ಇಲ್ಲದ ಕಡೆ ಮೇಲೆ ಕೆಳಗೆ ಎಂಬುದೂ ಇಲ್ಲ.

ಸಿಲಿಂಡರ್ ಬಗ್ಗೆ ಒಂದು ಎಚ್ಚರಿಕೆಯ ಮಾತು. ಎಲ್‌ಪಿಜಿ ಸಿಲಿಂಡರ್‌ನಲ್ಲಿ ಇರುವುದು ಹೆಚ್ಚಾಗಿ ದ್ರವ. ಅದನ್ನು ಪೂರ್ತಿ ತುಂಬುವುದಿಲ್ಲ, ಸುಮಾರು 80-85 ಶೇಕಡಾ ತುಂಬಿ ಮೇಲೆ ಜಾಗ ಬಿಡುತ್ತಾರೆ. ದ್ರವಕ್ಕೆ ಹಿಗ್ಗಲು ಜಾಗ ಇಲ್ಲದಿದ್ದರೆ ಒತ್ತಡ ಅನಿಲದ ಹಾಗೆ ನಿಧಾನವಾಗಿ ಏರುವುದಿಲ್ಲ, ಕೆಲವೇ ಡಿಗ್ರಿಯಲ್ಲಿ ಸಿಲಿಂಡರನ್ನೇ ಸೀಳುವಷ್ಟು ಏರುತ್ತದೆ. ಬಿಸಿಲಲ್ಲಿ, ಒಲೆಯ ಹತ್ತಿರ ಅದನ್ನು ಇಡಲೇಬೇಡಿ.

ಪ್ರಶ್ನೆ: ಸರೋವರ ಹೆಪ್ಪುಗಟ್ಟಿದರೂ ಮೀನು ಸಾಯುವುದಿಲ್ಲ ಏಕೆ? ತಣ್ಣನೆಯ ನೀರು ಭಾರ ಅಂದಮೇಲೆ ಮಂಜು ತಳದಿಂದ ಕಟ್ಟಬೇಕಲ್ಲ?

ಉತ್ತರ: ಹಾಗೇ ಆಗಬೇಕಿತ್ತು, ನೀರು ಬೇರೆ ದ್ರವಗಳಂತೆ ಇದ್ದಿದ್ದರೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಸುಂದರವಾದ ಭಾಗ ಇಲ್ಲ.

ನೀರನ್ನು ತಣ್ಣಗೆ ಮಾಡುತ್ತಾ ಬಂದರೆ 4 ಡಿಗ್ರಿ ತನಕ ಅದು ಎಲ್ಲರ ಹಾಗೆ ಕುಗ್ಗುತ್ತದೆ, ಸಾಂದ್ರತೆ ಏರುತ್ತದೆ. ಕರಾರುವಾಕ್ಕಾಗಿ ಹೇಳುವುದಾದರೆ 3.98 ಡಿಗ್ರಿ. ಅಲ್ಲಿಂದ ಕೆಳಗೆ ಇಳಿಸಿದರೆ ತಿರುಗಿಬಿಡುತ್ತದೆ! ಮತ್ತೆ ಹಿಗ್ಗಲು ಶುರು. 0 ಡಿಗ್ರಿಯ ನೀರು ಲೀಟರ್‌ಗೆ 999.84 ಗ್ರಾಂ, ಅಂದರೆ 4 ಡಿಗ್ರಿಯ ನೀರಿಗಿಂತ ಹಗುರ. ಆಮೇಲೆ ಮಂಜುಗಡ್ಡೆ ಆದಾಗ ಒಮ್ಮೆಗೇ 917ಕ್ಕೆ ಇಳಿಯುತ್ತದೆ. ಗಾತ್ರ ಶೇಕಡಾ 9ರಷ್ಟು ಜಾಸ್ತಿ.

ಕಾರಣ ನೀರಿನ ಅಣುಗಳು ಕೈ ಹಿಡಿಯುವ ರೀತಿ. ಮಂಜುಗಡ್ಡೆಯಲ್ಲಿ ಒಂದೊಂದು ಅಣುವೂ ಹೈಡ್ರೋಜನ್ ಬಂಧದಿಂದ ನಾಲ್ಕು ನೆರೆಯ ಅಣುಗಳ ಕೈ ಹಿಡಿದು, ಜೇನುಗೂಡಿನ ಹಾಗೆ ನಡುನಡುವೆ ಟೊಳ್ಳು ಬಿಟ್ಟು ನಿಲ್ಲುತ್ತದೆ. ಕರಗಿದಾಗ ಈ ಜೋಡಣೆ ಕುಸಿದು, ಅಣುಗಳು ಟೊಳ್ಳಿನೊಳಕ್ಕೂ ನುಗ್ಗುತ್ತವೆ. ಆದರೆ 0 ಡಿಗ್ರಿಯ ಹತ್ತಿರದ ನೀರಿನಲ್ಲಿ ಆ ಹಳೆಯ ಜೋಡಣೆಯ ಚೂರುಪಾರು ಇನ್ನೂ ಉಳಿದಿರುತ್ತದೆ. ಬಿಸಿ ಏರಿದಂತೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ, ಉಳಿದ ಟೊಳ್ಳು ಕುಸಿಯುವುದು ಒಂದು, ಅಣುಗಳು ನಡುಗಿ ದೂರ ಸರಿಯುವುದು ಇನ್ನೊಂದು. 4 ಡಿಗ್ರಿಯ ತನಕ ಮೊದಲನೆಯದು ಗೆಲ್ಲುತ್ತದೆ, ಆಮೇಲೆ ಎರಡನೆಯದು.

ಈಗ ಸರೋವರಕ್ಕೆ ಬನ್ನಿ. ಚಳಿಗಾಲ ಬಂತು, ಮೇಲಿನ ನೀರು ತಣ್ಣಗಾಗಿ ಮುಳುಗಿತು, ಕೆಳಗಿನದು ಮೇಲೆ ಬಂತು. ಇಡೀ ಸರೋವರ 4 ಡಿಗ್ರಿಗೆ ಬರುವ ತನಕ ಈ ಅದಲುಬದಲು ನಡೆಯುತ್ತದೆ. ಅಲ್ಲಿಂದ ಮುಂದೆ ಮೇಲಿನ ನೀರು 3, 2, 1 ಎಂದು ತಣ್ಣಗಾದರೂ ಅದು ಹಗುರ, ಮುಳುಗುವುದೇ ಇಲ್ಲ. ಮೇಲೇ ನಿಂತು ಮೇಲೇ ಹೆಪ್ಪುಗಟ್ಟುತ್ತದೆ. ಮಂಜಿನ ಹಾಳೆ ಹೊದಿಕೆಯ ಹಾಗೆ ಕೆಳಗಿನ ನೀರಿನ ಶಾಖ ಸೋರಿಹೋಗದಂತೆ ತಡೆಯುತ್ತದೆ. ತಳದಲ್ಲಿ 4 ಡಿಗ್ರಿಯ ನೀರು, ಅದರಲ್ಲಿ ಮೀನು. ಜಗತ್ತಿನ ತಣ್ಣನೆಯ ನಾಡುಗಳ ಸರೋವರಗಳಲ್ಲಿ ಜೀವ ಉಳಿದಿರುವುದಕ್ಕೆ ಲೀಟರಿಗೆ ಗ್ರಾಮಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸ ಕಾರಣ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದವರು ಸ್ಕಾಟ್ಲೆಂಡಿನ ಥಾಮಸ್ ಚಾರ್ಲ್ಸ್ ಹೋಪ್, 1805ರಲ್ಲಿ. ನೀರು ತುಂಬಿದ ಉದ್ದನೆಯ ಕೊಳವೆ, ಮೇಲೊಂದು ಕೆಳಗೊಂದು ಥರ್ಮಾಮೀಟರ್, ನಡುವಿನ ಭಾಗಕ್ಕೆ ಸುತ್ತಲೂ ಮಂಜು ಮತ್ತು ಉಪ್ಪಿನ ಮಿಶ್ರಣ. ಮೊದಲು ಕೆಳಗಿನ ಥರ್ಮಾಮೀಟರ್ ಇಳಿಯುತ್ತದೆ, 4ಕ್ಕೆ ಬಂದು ನಿಂತುಬಿಡುತ್ತದೆ. ಆಮೇಲೆ ಮೇಲಿನದು ಇಳಿಯಲು ಶುರುಮಾಡಿ 0 ತನಕ ಹೋಗುತ್ತದೆ. ಶಾಲೆಯಲ್ಲಿ ಮಾಡಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗುವುದು ಕಷ್ಟ.

ಸಮುದ್ರದ ನೀರು ಹೀಗೆ ಮಾಡುವುದಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ಲೀಟರ್‌ಗೆ 35 ಗ್ರಾಂನಷ್ಟು ಉಪ್ಪಿರುವ ಕಡಲ ನೀರು ಹೆಪ್ಪುಗಟ್ಟುವ ತನಕ, ಅಂದರೆ ಮೈನಸ್ 1.9 ಡಿಗ್ರಿಯ ತನಕ, ಕುಗ್ಗುತ್ತಲೇ ಹೋಗುತ್ತದೆ. ಧ್ರುವದ ಹತ್ತಿರ ತಣ್ಣಗಾದ ನೀರು ಆಳಕ್ಕೆ ಇಳಿದು ಸಾಗರದ ತಳದುದ್ದಕ್ಕೂ ಹರಡುವುದು ಇದರಿಂದಲೇ.

ಫ್ರೀಜರ್‌ನಲ್ಲಿಟ್ಟ ಗಾಜಿನ ಬಾಟಲಿ ಒಡೆಯಿತು ಎಂದು ಇನ್ನೊಬ್ಬರು ಬರೆದಿದ್ದಾರೆ. ಅದೇ 9 ಶೇಕಡಾ ಕಾರಣ. ಬಾಯಿಯ ತನಕ ತುಂಬಬೇಡಿ, ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಖಾಲಿ ಬಿಡಿ.

ಪ್ರಶ್ನೆ: ಬೆಳಿಗ್ಗೆ ತಂಪು ಹೊತ್ತಲ್ಲಿ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಹಿಂದಿರುವ ವಿಜ್ಞಾನ ನಿಜ, ಲಾಭ ಮಾತ್ರ ಇಲ್ಲ. ಪೆಟ್ರೋಲ್ ಪ್ರತಿ ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲಿನ ಹತ್ತಿರ ಹಿಗ್ಗುತ್ತದೆ, ನೀರಿಗಿಂತ ಎಷ್ಟೋ ಪಟ್ಟು ಜಾಸ್ತಿ. 10 ಡಿಗ್ರಿ ತಂಪಾದ ಪೆಟ್ರೋಲಿನಲ್ಲಿ ಲೀಟರ್‌ಗೆ ಶೇಕಡಾ 1ರಷ್ಟು ಹೆಚ್ಚು ಸರಕು ಇರುತ್ತದೆ. ಆದರೆ ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ. ಮೇಲೆ ಗಾಳಿ ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಹತ್ತು ಹದಿನೈದು ಡಿಗ್ರಿ ಏರಿದರೂ ನೆಲದಡಿಯ ಸಾವಿರಾರು ಲೀಟರ್ ಒಂದೇ ದಿನದಲ್ಲಿ ಅಷ್ಟು ಬದಲಾಗುವುದಿಲ್ಲ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇಂಧನವನ್ನು ದೊಡ್ಡ ಪ್ರಮಾಣದಲ್ಲಿ ಕೊಡುವ, ಕೊಳ್ಳುವ ಕಡೆ ಮಾತ್ರ ಇದನ್ನು ಬಿಡುವುದಿಲ್ಲ. ಅಳೆದ ಸಾಂದ್ರತೆಯನ್ನು 15 ಡಿಗ್ರಿಗೆ ಹೊಂದಿಸಿಯೇ ಲೆಕ್ಕ ಬರೆಯುತ್ತಾರೆ. ನಿಮಗೆ ಉಪಯೋಗಕ್ಕೆ ಬರುವ ಮಾತು ಬೇರೆ ಇದೆ: ಟ್ಯಾಂಕನ್ನು ಕತ್ತಿನ ತನಕ ತುಂಬಿಸಬೇಡಿ. 50 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು ಒಂದು ಲೀಟರ್ ಬೆಳೆಯುತ್ತದೆ. ಆ ಒಂದು ಲೀಟರ್‌ಗೆ ಜಾಗ ಬೇಕು.

ಪ್ರಶ್ನೆ: ಬ್ಯಾಟರಿ ಆಮ್ಲವನ್ನು ಹೈಡ್ರೋಮೀಟರ್‌ನಲ್ಲಿ (ದ್ರವದ ಸಾಂದ್ರತೆ ನೀರಿನ ಎಷ್ಟು ಪಟ್ಟು ಎಂದು ತೋರಿಸುವ ಸಾಧನ) ನೋಡಿದೆ. ಬಿಸಿಲಲ್ಲಿ ನಿಂತಿದ್ದ ಗಾಡಿಯಲ್ಲಿ 1.255 ಬಂತು. ಬ್ಯಾಟರಿ ಹೋಗಿದೆಯೇ?

ಉತ್ತರ: ಆಮ್ಲದ ತಾಪಮಾನ ನೋಡದೆ ಹೇಳಲಾಗದು. ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 1.265ರಿಂದ 1.280 ಇರುತ್ತದೆ, ಆದರೆ ಅದು ಹೈಡ್ರೋಮೀಟರ್ ಮೇಲೆ ಬರೆದಿರುವ ತಾಪಮಾನಕ್ಕೆ ಮಾತ್ರ, ಎಷ್ಟೋ ಸಲ 27 ಡಿಗ್ರಿ. ಅದಕ್ಕಿಂತ ಹೆಚ್ಚು ಬಿಸಿ ಇದ್ದರೆ ಪ್ರತಿ ಡಿಗ್ರಿಗೆ 0.0007 ಕೂಡಿಸಿ, ತಣ್ಣಗಿದ್ದರೆ ಕಳೆಯಿರಿ. ನಿಮ್ಮ ಆಮ್ಲ 45 ಡಿಗ್ರಿ ಇತ್ತು ಅಂದುಕೊಳ್ಳೋಣ. 18 ಡಿಗ್ರಿ ಹೆಚ್ಚು, ಸುಮಾರು 0.013 ಕೂಡಿಸಬೇಕು. 1.268 ಆಯಿತು. ಬ್ಯಾಟರಿ ಚೆನ್ನಾಗಿದೆ! ತಾಪಮಾನ ಕೇಳದೆ ಬ್ಯಾಟರಿ ಬದಲಾಯಿಸಿ ಎನ್ನುವವರ ಮಾತಿಗೆ ಒಪ್ಪುವ ಮುಂಚೆ ಈ ಲೆಕ್ಕ ಒಮ್ಮೆ ಮಾಡಿ. ಆಮ್ಲ ಮುಟ್ಟುವಾಗ ಕನ್ನಡಕ, ಕೈಗವಸು ಮರೆಯಬೇಡಿ.

ಪ್ರಶ್ನೆ: ನೀರನ್ನು ಬಿಟ್ಟು ಬಿಸಿಗೆ ಕುಗ್ಗುವ ವಸ್ತು ಬೇರೆ ಇದೆಯೇ?

ಉತ್ತರ: ಇವೆ. ಎಳೆದು ಹಿಡಿದ ರಬ್ಬರ್ ಪಟ್ಟಿಯನ್ನು ಬಿಸಿ ಮಾಡಿ, ಉದ್ದ ಕುಗ್ಗುತ್ತದೆ. ಕಬ್ಬಿಣ 912 ಡಿಗ್ರಿ ದಾಟುವಾಗ ಪರಮಾಣುಗಳ ಜೋಡಣೆ ಬದಲಾಗಿ ಒಮ್ಮೆಗೇ ಸುಮಾರು ಶೇಕಡಾ 1ರಷ್ಟು ಗಾತ್ರ ಕಳೆದುಕೊಳ್ಳುತ್ತದೆ. ಜಿರ್ಕೋನಿಯಂ ಟಂಗ್‌ಸ್ಟೇಟ್ ಎಂಬ ವಸ್ತುವಂತೂ ಪರಮ ಶೂನ್ಯದ ಹತ್ತಿರದಿಂದ ಹಿಡಿದು 700 ಡಿಗ್ರಿ ದಾಟುವ ತನಕ ಬಿಸಿ ಏರಿದಷ್ಟೂ ಕುಗ್ಗುತ್ತಲೇ ಹೋಗುತ್ತದೆ. ಗ್ಯಾಲಿಯಂ, ಬಿಸ್ಮತ್, ಸಿಲಿಕಾನ್ ಕರಗಿದಾಗ ಹೆಚ್ಚು ಸಾಂದ್ರ ಆಗುತ್ತವೆ, ಅವುಗಳ ಗಟ್ಟಿ ತುಂಡು ಅದೇ ಕರಗಿದ ದ್ರವದಲ್ಲಿ ಮಂಜುಗಡ್ಡೆಯ ಹಾಗೆ ತೇಲುತ್ತದೆ. ತವರದ್ದು ಇನ್ನೊಂದು ತರಹ. 13 ಡಿಗ್ರಿಗಿಂತ ಕೆಳಗೆ ಬಹಳ ಕಾಲ ಇಟ್ಟರೆ ಹೊಳೆಯುವ ತವರ ಬೂದುಬಣ್ಣದ ತವರವಾಗಿ, ಸಾಂದ್ರತೆ 7.3ರಿಂದ 5.77ಕ್ಕೆ ಇಳಿದು, ಪುಡಿಪುಡಿಯಾಗಿ ಉದುರುತ್ತದೆ.

ಹಿಗ್ಗದೆಯೇ ಇರುವ ಲೋಹ ಬೇಕು ಎನ್ನುವವರಿಗೆ ಇನ್ವಾರ್ ಇದೆ. ಕಬ್ಬಿಣಕ್ಕೆ ಶೇಕಡಾ 36 ನಿಕ್ಕಲ್ ಸೇರಿಸಿದ ಮಿಶ್ರಲೋಹ. 1896ರಲ್ಲಿ ಷಾರ್ಲ್ ಎದುವಾರ್ ಗಿಯೋಮ್ ಕಂಡುಹಿಡಿದರು, ನಿಕ್ಕಲ್ ಉಕ್ಕಿನ ಈ ಕೆಲಸಕ್ಕೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮಾಮೂಲಿ ಉಕ್ಕಿನ ಹತ್ತನೇ ಒಂದು ಭಾಗ ಮಾತ್ರ ಹಿಗ್ಗುತ್ತದೆ. ಗಡಿಯಾರದ ಲೋಲಕ, ಅಳತೆಯ ಉಪಕರಣ ಮಾಡುವವರಿಗೆ ಅದು ವರ.

ಪ್ರಶ್ನೆ: ಸಮುದ್ರ ಮಟ್ಟ ಏರುತ್ತಿರುವುದು ಹಿಮ ಕರಗಿ ಅಲ್ವಾ? ಇದರಲ್ಲಿ ಸಾಂದ್ರತೆಗೇನು ಕೆಲಸ?

ಉತ್ತರ: ದೊಡ್ಡ ಕೆಲಸ ಇದೆ. 1971ರಿಂದ 2018ರ ತನಕ ಏರಿದ ಮಟ್ಟದಲ್ಲಿ ಅರ್ಧದಷ್ಟು ಪಾಲು ಬರೀ ನೀರು ಬಿಸಿಯಾಗಿ ಹಿಗ್ಗಿದ್ದರಿಂದ ಎಂದು ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ಆರನೇ ವರದಿ ಹೇಳುತ್ತದೆ. ಒಂದು ಹನಿ ನೀರೂ ಹೊಸದಾಗಿ ಸೇರದೆ ಏರಿದ ಮಟ್ಟ ಅದು. ಸರಳ ಲೆಕ್ಕ ನೋಡಿ. 15 ಡಿಗ್ರಿ ಆಸುಪಾಸಿನ ಕಡಲ ನೀರು ಪ್ರತಿ ಡಿಗ್ರಿಗೆ ಹತ್ತು ಸಾವಿರದಲ್ಲಿ ಎರಡು ಪಾಲು ಹಿಗ್ಗುತ್ತದೆ. ಮೇಲಿನ 100 ಮೀಟರ್ ಒಂದು ಡಿಗ್ರಿ ಬಿಸಿಯಾದರೆ ಮಟ್ಟ 2 ಸೆಂಟಿಮೀಟರ್ ಏರಿತು. ತಳ ಕೆಳಗೆ, ದಡ ಪಕ್ಕಕ್ಕೆ, ಹಿಗ್ಗಲು ಉಳಿದ ದಾರಿ ಮೇಲಕ್ಕೆ ಒಂದೇ. ಆಳದ ತನಕ ಬಿಸಿ ಇಳಿಯಲು ನೂರಾರು ವರ್ಷ ಬೇಕು, ಹಾಗಾಗಿ ಗಾಳಿ ಬಿಸಿಯಾಗುವುದು ನಿಂತರೂ ಸಮುದ್ರ ಹಿಗ್ಗುವುದು ಕೂಡಲೇ ನಿಲ್ಲುವುದಿಲ್ಲ. ಇದನ್ನು ಬರೆಯುವಾಗ ಕಳವಳ ಆಗುತ್ತದೆ.

ಹಿಮದಲ್ಲೂ ನೆಲದ ಮೇಲಿರುವುದು ಕರಗಿದರೆ ಮಾತ್ರ ಮಟ್ಟ ಏರುತ್ತದೆ. ತೇಲುತ್ತಿರುವ ಮಂಜು ಆಗಲೇ ತನ್ನ ತೂಕದಷ್ಟು ನೀರನ್ನು ತಳ್ಳಿರುತ್ತದೆ. ಅದು ಕರಗಿದರೆ ಆಗುವ ಏರಿಕೆ ತೀರಾ ಅಲ್ಪ.

ಪ್ರಶ್ನೆ: ಮನೆಯಲ್ಲೇ ಮಕ್ಕಳಿಗೆ ಇದನ್ನು ತೋರಿಸುವುದು ಹೇಗೆ?

ಉತ್ತರ: ಒಂದೇ ಅಳತೆಯ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಕೈ ಸುಡದಷ್ಟು ಬಿಸಿನೀರಿಗೆ ಕೆಂಪು ಬಣ್ಣ, ಇನ್ನೊಂದರಲ್ಲಿ ಫ್ರಿಜ್‌ನ ತಣ್ಣೀರಿಗೆ ನೀಲಿ ಬಣ್ಣ ಹಾಕಿ. ಎರಡನ್ನೂ ಅಂಚಿನ ತನಕ ತುಂಬಿ, ಅಗಲ ತಟ್ಟೆಯಲ್ಲಿಡಿ. ಬಿಸಿ ಲೋಟದ ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ, ತಲೆಕೆಳಗು ಮಾಡಿ ತಣ್ಣನೆಯ ಲೋಟದ ಮೇಲೆ ಸರಿಯಾಗಿ ಕೂರಿಸಿ. ನಿಧಾನವಾಗಿ ಹಾಳೆ ಎಳೆಯಿರಿ. ಮೇಲೆ ಕೆಂಪು, ಕೆಳಗೆ ನೀಲಿ, ಬಹಳ ಹೊತ್ತು ಹಾಗೇ ನಿಲ್ಲುತ್ತದೆ. ಬಿಸಿನೀರು 45, ತಣ್ಣೀರು 10 ಡಿಗ್ರಿ ಇದ್ದರೆ ಎರಡರ ನಡುವೆ ಲೀಟರ್‌ಗೆ ಹತ್ತು ಗ್ರಾಂ ವ್ಯತ್ಯಾಸವೂ ಇರುವುದಿಲ್ಲ. ಅಷ್ಟು ಸಾಕು. ಈಗ ಮತ್ತೆ ಹೊಸದಾಗಿ ತುಂಬಿ, ಈ ಸಲ ತಣ್ಣನೆಯದನ್ನು ಮೇಲಿಡಿ. ಹಾಳೆ ಎಳೆಯುವ ಮುಂಚೆ ಏನಾಗುತ್ತದೆ ಎಂದು ಮಕ್ಕಳನ್ನೇ ಕೇಳಿ. ಅವರು ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಎರಡೂ ಲೋಟ ನೇರಳೆ ಆಗಿರುತ್ತದೆ.